ಸಹಾಯ ಬೇಕು: ಖಾನಾಪುರದ ತೋಟದಲ್ಲಿ ಅಕ್ರೋಟ್ ಗಿಡ
ಎಲ್ಲರಿಗೂ ನಮಸ್ಕಾರ್ರಿ. ಖಾನಾಪುರ ತಾಲ್ಲೂಕಿನಲ್ಲಿ ನಮ್ಮದೊಂದು ದೊಡ್ಡ ತೋಟ ಇದೆ. ಕೆಂಪು ಮಣ್ಣು, ಮಳೆ ಜೋರು. ಗೋಡಂಬಿ, ಹಲಸು ಚೆನ್ನಾಗಿ ಬರುತ್ತವೆ. ಬಾವಿ ಪಕ್ಕ ಅಕ್ರೋಟ್ ಬೆಳೆಸಬೇಕು ಅನ್ನೋದು ಅಪ್ಪನ ಬಹಳ ದಿನದ ಆಸೆ.

ಹಿಮಾಚಲದಿಂದ ತರಿಸಿದ ಕಸಿ ಗಿಡಗಳು ಮೊಣಕಾಲೆತ್ತರ ಆಗಿವೆ. ಎಲೆ ಉಜ್ಜಿದರೆ ಘಮ್ಮೆನ್ನುತ್ತೆ. ಆದರೆ ಮಳೆ ಹಿಡಿದ ಮೇಲೆ ಎಲೆಗಳಲ್ಲಿ ಕಪ್ಪು ಚುಕ್ಕೆ ಕಾಣಿಸಿವೆ, ತುದಿಯ ಚಿಗುರು ಕಪ್ಪಾಗಿ ಬಾಗುತ್ತಿದೆ. ಬುಡದಲ್ಲಿ ನೀರು ನಿಂತಿಲ್ಲ, ದಿಬ್ಬದ ಮೇಲೇ ನೆಟ್ಟಿದ್ದೇವೆ. ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಕಲಸಿದ ರೋಗನಾಶಕ) ಹೊಡೆಯಬಹುದಾ? ಇಷ್ಟು ಎಳೇ ಗಿಡಕ್ಕೆ ಎಷ್ಟು ತೆಳುವಾಗಿ?

ಇನ್ನೊಂದು. ಅಕ್ರೋಟ್‌ಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗಬೇಕು, ಇಲ್ಲಾಂದ್ರೆ ಮೊಗ್ಗು ಸರಿಯಾಗಿ ಒಡೆಯಲ್ಲ. ನಮ್ಮ ಕಡೆ ಅಷ್ಟು ಚಳಿ ಎಲ್ಲಿದೆ? ಕಾಯಿ ಕಡಿಮೆ ಬಂದರೂ ಪರವಾಗಿಲ್ಲ, ಮರ ಗಟ್ಟಿಯಾಗಿ ನಿಲ್ಲಬೇಕು. ಕಡಿಮೆ ಚಳಿ ಸಾಕಾಗುವ ತಳಿಯನ್ನು ಬೆಳಗಾವಿ, ಚೋರ್ಲಾ ಕಡೆ ಯಾರಾದರೂ ಬೆಳೆಸಿದ್ದೀರಾ?

ಇದರ ಬೇರಿನ ಜಗ್ಲೋನ್ ಅನ್ನೋ ಅಂಶ ಟೊಮೆಟೊ, ಬದನೆ ಗಿಡಗಳನ್ನು ಸೊರಗಿಸಬಹುದು ಅಂತಾರೆ. ಅವ್ವನ ಕಾಯಿಪಲ್ಲೆ ಮಡಿ ಹತ್ತಿರವೇ ಇದೆ, ಅದಕ್ಕೆ ಏನೂ ಆಗಬಾರದು. ಎಷ್ಟು ದೂರ ಬಿಡಬೇಕು? ಬೆಳೆಸಿ ನೋಡಿದವರು ದಯವಿಟ್ಟು ತಿಳಿಸಿ. ಎಲೆಗಳ ಫೋಟೋ ಕೆಳಗೆ ಹಾಕಿದ್ದೇನೆ.