ಕಡತಕ್ಕೆ ಕಳುಹಿಸಿದ ಔಟ್‌ಪುಟ್‌ನಲ್ಲಿ ಬಣ್ಣದ ಸಂಕೇತಗಳು ಉಳಿಯದಂತೆ ಮಾಡುವುದು ಹೇಗೆ?

ಪ್ರಶ್ನೆ

ಲಾಗ್ ಕಡತಗಳನ್ನು ಪರಿಶೀಲಿಸಿ ವರದಿ ಕೊಡುವ ಒಂದು ಸಣ್ಣ ಪ್ರೋಗ್ರಾಂ ಅನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ದೋಷಗಳು ಕೆಂಪಾಗಿಯೂ ಎಚ್ಚರಿಕೆಗಳು ಹಳದಿಯಾಗಿಯೂ ಕಾಣಲೆಂದು ಮುದ್ರಿಸುವ ಪಠ್ಯದಲ್ಲಿಯೇ ಎಸ್ಕೇಪ್ ಸಂಕೇತಗಳನ್ನು (ಬಣ್ಣ ಬದಲಿಸಲು ಟರ್ಮಿನಲ್‌ಗೆ ಹೇಳುವ ಅಕ್ಷರಗುಚ್ಛಗಳನ್ನು) ಸೇರಿಸಿದ್ದೇನೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಇದೆ. ಆದರೆ ಅದೇ ವರದಿಯನ್ನು ಕಡತಕ್ಕೆ ತಿರುಗಿಸಿದರೆ ಸಾಲುಗಳ ನಡುವೆ ಚೌಕ ಆವರಣ, ಅಂಕಿ, ‘ಎಂ’ ಅಕ್ಷರ ಸೇರಿದ ಕಸ ಉಳಿಯುತ್ತದೆ. ‘ದೋಷ’ ಎಂಬ ಪದದಿಂದ ಆರಂಭವಾಗುವ ಸಾಲುಗಳನ್ನು ಪಠ್ಯ ಹುಡುಕುವ ಆಜ್ಞೆಯಾದ ಗ್ರೆಪ್‌ನಲ್ಲಿ ಹುಡುಕಿದರೆ ಒಂದೂ ಸಿಗುವುದಿಲ್ಲ. ಕೋಷ್ಟಕದಲ್ಲಿ ಬಣ್ಣ ಹಚ್ಚಿದ ಪದಗಳ ನಂತರದ ಕಾಲಂಗಳೂ ಓರೆಯಾಗುತ್ತವೆ. ಬಣ್ಣವನ್ನು ಕೈಬಿಡದೆ ಇದನ್ನು ಸರಿಪಡಿಸುವ ರೂಢಿಯ ಕ್ರಮ ಯಾವುದು?

ಉತ್ತರ 1

ಟರ್ಮಿನಲ್‌ಗೆ ಬಣ್ಣ ಪ್ರತ್ಯೇಕ ದಾರಿಯಲ್ಲಿ ಹೋಗುವುದಿಲ್ಲ. ಅದು ಪಠ್ಯದ ಬೈಟ್‌ಗಳ ಜೊತೆಯಲ್ಲಿಯೇ ಸಾಗುತ್ತದೆ. 27ನೆಯ ಎಸ್ಕೇಪ್ ಅಕ್ಷರ, ತೆರೆದ ಚೌಕ ಆವರಣ, 31, ಕೊನೆಗೆ ‘ಎಂ’ ಬಂದರೆ ಟರ್ಮಿನಲ್ ಅದನ್ನು ‘ಇಲ್ಲಿಂದ ಕೆಂಪು’ ಎಂದು ಅರ್ಥಮಾಡಿಕೊಳ್ಳುತ್ತದೆ. ಕಡತಕ್ಕೆ ಅಂಥ ತಿಳಿವಳಿಕೆ ಇಲ್ಲ. ಗ್ರೆಪ್‌ನ ದೃಷ್ಟಿಯಲ್ಲಿ ನಿಮ್ಮ ಸಾಲು ಆರಂಭವಾಗುವುದು ‘ದೋಷ’ದಿಂದಲ್ಲ, ಎಸ್ಕೇಪ್ ಅಕ್ಷರದಿಂದ. ಹಾಗಾಗಿ ಔಟ್‌ಪುಟ್ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಮೊದಲು ವಿಚಾರಿಸಿ, ಆಮೇಲೆ ಬಣ್ಣ ಹಚ್ಚಬೇಕು. ಕಡತಗಳ ಪಟ್ಟಿ ತೋರಿಸುವ ಎಲ್‌ಎಸ್ ಮತ್ತು ಗ್ರೆಪ್‌ನ ಬಣ್ಣದ ಆಯ್ಕೆಗೆ ‘ಆಟೋ’ ಎಂದು ಕೊಟ್ಟಾಗ ಅವು ಮಾಡುವುದೂ ಇದನ್ನೇ. ಪೈಥಾನ್‌ನಲ್ಲಿ ಇದಕ್ಕೆ, ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದೆಯೇ ಎಂದು ಹೇಳುವ ‘ಇಸ್‌ಎಟಿಟಿವೈ’ ಎಂಬ ವಿಧಾನವಿದೆ. ಸ್ಟ್ಯಾಂಡರ್ಡ್ ಔಟ್‌ಪುಟ್ ಕಡತಕ್ಕೆ ಹೋಗುತ್ತಿರುವಾಗ ಸ್ಟ್ಯಾಂಡರ್ಡ್ ಎರರ್ (ದೋಷಸಂದೇಶಗಳ ಪ್ರತ್ಯೇಕ ಹರಿವು) ಪರದೆಗೇ ಬರುತ್ತಿರಬಹುದಾದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ.

ಆದರೆ ಅಷ್ಟರಿಂದಲೇ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಟರ್ಮಿನಲ್‌ನಲ್ಲಿಯೂ ಬಣ್ಣ ಬೇಡವೆನ್ನುವವರು ಇದ್ದಾರೆ. ಅವರಿಗಾಗಿ 2017ರಿಂದ ‘ನೋ_ಕಲರ್’ ಎಂಬ ಪರಿಸರ ಚರಾಕ್ಷರದ (ಹೊರಗಿನಿಂದ ಇಟ್ಟು ಪ್ರೋಗ್ರಾಂಗಳು ಓದಿಕೊಳ್ಳುವ ಬೆಲೆಯ) ರೂಢಿಯೊಂದು ಬೆಳೆದಿದೆ: ಅದಕ್ಕೆ ಖಾಲಿಯಲ್ಲದ ಯಾವ ಬೆಲೆಯಿದ್ದರೂ, ‘0’ ಎಂದಿದ್ದರೂ ಸಹ, ಬಣ್ಣವನ್ನು ಬಿಡಬೇಕು. ಬಳಕೆದಾರರು ಆಜ್ಞೆಯ ಸಾಲಿನಲ್ಲಿಯೇ ಆಯ್ಕೆ ಕೊಟ್ಟಿದ್ದರೆ ಅದು ಎಲ್ಲಕ್ಕಿಂತ ಮೇಲು, ನಂತರ ನೋ_ಕಲರ್, ಟರ್ಮಿನಲ್‌ನ ಬಗೆಯನ್ನು ಹೇಳುವ ‘ಟರ್ಮ್’ ಚರಾಕ್ಷರದ ಬೆಲೆ ‘ಡಂಬ್’ ಆಗಿದ್ದರೆ ಆಗಲೂ ಬಣ್ಣವಿಲ್ಲ, ಕೊನೆಯಲ್ಲಿ ಇಸ್‌ಎಟಿಟಿವೈ. ಪೈಥಾನ್ 3.13 ತನ್ನ ದೋಷಸಂದೇಶಗಳಿಗೆ ತಾನೇ ಬಣ್ಣ ಹಚ್ಚಲು ಆರಂಭಿಸಿದಾಗ ಅದೂ ನೋ_ಕಲರ್ ಅನ್ನು ಮನ್ನಿಸಿತು. ಈ ನಿರ್ಧಾರವನ್ನು ಒಂದೇ ಫಂಕ್ಷನ್‌ನಲ್ಲಿ ಇಡಿ. ಪ್ರತಿ ಪ್ರಿಂಟ್ ಸಾಲಿನಲ್ಲಿಯೂ ಪರೀಕ್ಷಿಸುತ್ತ ಹೋದರೆ ಎಲ್ಲಾದರೂ ಒಂದು ತಪ್ಪಿಹೋಗುವುದು ಖಚಿತ.

ಉತ್ತರ 2

ಕೋಷ್ಟಕದ ವಿಷಯವನ್ನು ಮೇಲಿನವರು ಮುಟ್ಟಿಲ್ಲ. ಕೆಂಪನ್ನು ಆರಂಭಿಸುವ ಸಂಕೇತಕ್ಕೆ ಐದು ಅಕ್ಷರ, ಬಣ್ಣ ತೆಗೆಯುವ 0 ಸಂಕೇತಕ್ಕೆ ನಾಲ್ಕು; ಒಟ್ಟು ಒಂಬತ್ತು ಅಕ್ಷರಗಳು ಪರದೆಯಲ್ಲಿ ಜಾಗ ಹಿಡಿಯದಿದ್ದರೂ ಪಠ್ಯದ ಉದ್ದ ಹೇಳುವ ಪೈಥಾನ್ ಫಂಕ್ಷನ್ ‘ಲೆನ್’ ಅವುಗಳನ್ನು ಎಣಿಸುತ್ತದೆ. ಪದವನ್ನು ಮೊದಲು ಬೇಕಾದ ಅಗಲಕ್ಕೆ ಖಾಲಿ ಜಾಗದಿಂದ ತುಂಬಿ, ಆ ಬಳಿಕ ಬಣ್ಣ ಹಚ್ಚಿದರೆ ಇದು ಸರಿಹೋಗುತ್ತದೆ.

ನಿಮ್ಮ ವರದಿ ಕನ್ನಡದಲ್ಲಿ ಇರುವುದರಿಂದ ಇನ್ನೊಂದು ತೊಡಕೂ ಇದೆ. ‘ಸ್ಥಿತಿ’ ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳು ಎರಡು, ಲೆನ್ ಹೇಳುವ ಸಂಖ್ಯೆ ಆರು. ಅರ್ಧಾಕ್ಷರದ ಗುರುತು ಮತ್ತು ಗುಣಿತ ಚಿಹ್ನೆಗಳನ್ನು ಅಗಲವಿಲ್ಲದವೆಂದು ಎಣಿಸುವ ಟರ್ಮಿನಲ್ ಮೂರು ಕಾಲಂ ಕೊಡುತ್ತದೆ. ‘ಡಬ್ಲ್ಯೂಸಿವಿಡ್ತ್’ ಗ್ರಂಥಾಲಯದಿಂದ ಅಗಲವನ್ನು ಕೇಳಿಕೊಂಡರೆ ಸತ್ಯಕ್ಕೆ ಹತ್ತಿರದ ಉತ್ತರ ಸಿಗುತ್ತದೆ, ಆದರೆ ಎಲ್ಲ ಟರ್ಮಿನಲ್‌ಗಳೂ ಕನ್ನಡವನ್ನು ಒಂದೇ ರೀತಿ ಕೂರಿಸುವುದಿಲ್ಲ. ನನ್ನ ಮಟ್ಟಿಗೆ ಕನ್ನಡ ಪದಗಳ ಕಾಲಂ ಅನ್ನು ಸಾಲಿನ ಕೊನೆಗೆ ತಳ್ಳುವುದೇ ಎಲ್ಲ ಲೆಕ್ಕಾಚಾರಕ್ಕಿಂತ ಸುಲಭ.

ಉತ್ತರ 3

ಬಣ್ಣದ ಆಯ್ಕೆಯ ಬಗ್ಗೆಯೂ ಒಂದು ಮಾತು. 30ರಿಂದ 37ರವರೆಗಿನ ಮೂಲ ಬಣ್ಣಗಳು ಮತ್ತು 90ರಿಂದ 97ರವರೆಗಿನ ತಿಳಿ ಬಣ್ಣಗಳು ಬಳಕೆದಾರರ ಥೀಮ್‌ಗೆ ತಕ್ಕಂತೆ ಬದಲಾಗುತ್ತವೆ. ಕೆಂಪು, ಹಸಿರು, ನೀಲಿಯ ಪ್ರಮಾಣವನ್ನು ನೇರವಾಗಿ ಹೇಳುವ 24 ಬಿಟ್ ಸಂಕೇತದಿಂದ ನೀವು ನಿಗದಿಪಡಿಸಿದ ಬಣ್ಣ ಹಾಗೆ ಬದಲಾಗದು. ಕಪ್ಪು ಹಿನ್ನೆಲೆಯಲ್ಲಿ ಚೆಲುವಾದ ತಿಳಿಹಳದಿ ಬಿಳಿ ಹಿನ್ನೆಲೆಯವರಿಗೆ ಕಾಣುವುದೇ ಇಲ್ಲ. ಇಂಥ ವರದಿಗೆ ಮೂಲ ಬಣ್ಣಗಳೇ ಸಾಕು. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಲಾಗದ ಓದುಗರೂ ಇರುವುದರಿಂದ ‘ದೋಷ’, ‘ಎಚ್ಚರಿಕೆ’ ಎಂಬ ಪದಗಳನ್ನು ಎಂದೂ ತೆಗೆಯಬೇಡಿ. ನಿಮ್ಮ ಗ್ರೆಪ್ ನಂಬಿರುವುದೂ ಆ ಪದಗಳನ್ನೇ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ನಿರ್ಧಾರವನ್ನು ಒಂದು ಫಂಕ್ಷನ್‌ಗೆ ಸರಿಸಿದ ಮೇಲೆ ಕಡತವೂ ಗ್ರೆಪ್ ಹುಡುಕಾಟವೂ ಸರಿಯಾಗಿವೆ. ಆದರೆ ಈಗ ವರದಿಯನ್ನು ಪುಟಪುಟವಾಗಿ ತೋರಿಸುವ ಲೆಸ್ ಆಜ್ಞೆಗೆ ಪೈಪ್ ಮಾಡಿ (ನೇರವಾಗಿ ದಾಟಿಸಿ) ಓದುವಾಗ ಬಣ್ಣ ಬರುವುದಿಲ್ಲ. ಅಲ್ಲಿ ಮಾತ್ರ ಬೇಕಿತ್ತು.

ಉತ್ತರ 1 ಬರೆದವರು

ಪೈಪ್ ಎಂಬುದು ಟರ್ಮಿನಲ್ ಅಲ್ಲ, ಆದ್ದರಿಂದ ಪ್ರೋಗ್ರಾಂ ಸರಿಯಾಗಿಯೇ ನಡೆದುಕೊಂಡಿದೆ. ಬಣ್ಣದ ಆಯ್ಕೆಗೆ ‘ಆಲ್ವೇಸ್’ ಎಂಬ ಬೆಲೆಯನ್ನೂ ಒಪ್ಪಿಕೊಳ್ಳುವಂತೆ ಮಾಡಿ, ಲೆಸ್ ಅನ್ನು ದೊಡ್ಡ ಅಕ್ಷರದ ‘ಆರ್’ ಆಯ್ಕೆಯೊಂದಿಗೆ ನಡೆಸಿ. ಆ ಆಯ್ಕೆಯಿದ್ದಾಗ ಲೆಸ್ ಬಣ್ಣದ ಸಂಕೇತಗಳನ್ನು ಟರ್ಮಿನಲ್‌ಗೆ ಹಾಗೆಯೇ ದಾಟಿಸುತ್ತದೆ.