ಪದಚರ್ಚೆ: ‘ಅಪೂರ್ಣ ವಾಕ್ಯ’ವೋ, ‘ವಾಕ್ಯಖಂಡ’ವೋ?

ಪ್ರಶ್ನೆ (ಶಿರಸಿಯಿಂದ)

ಮೂರನೇ, ನಾಲ್ಕನೇ ತರಗತಿಯ ಮಕ್ಕಳಿಗೆ ಅಭ್ಯಾಸ ಹಾಳೆ ಸಿದ್ಧವಾಗುತ್ತಿದೆ. ಪೂರ್ತಿಯಾದ ವಾಕ್ಯ ಯಾವುದು, ಆಗದ್ದು ಯಾವುದು ಎಂದು ಮಕ್ಕಳು ಗುರುತಿಸಬೇಕು. ಪೂರ್ತಿಯಾಗದ್ದಕ್ಕೆ ಯಾವ ಹೆಸರು ಸರಿ? ‘ಅಪೂರ್ಣ ವಾಕ್ಯ’, ‘ವಾಕ್ಯಖಂಡ’, ‘ಅರ್ಧ ವಾಕ್ಯ’, ‘ಪದಗುಚ್ಛ’ ಎಂದು ಒಬ್ಬೊಬ್ಬರು ಒಂದೊಂದು ಬರೆಯುತ್ತಾರೆ. ‘ಕರ್ತೃ, ಕ್ರಿಯಾಪದ ಎರಡೂ ಇದ್ದರೆ ಪೂರ್ಣ’ ಎಂಬ ಸೂತ್ರವನ್ನು ಹಾಳೆಯ ತಲೆಗೆ ಹಾಕಿದರೆ ಸಾಕೇ? ‘ನನಗೆ ಹಸಿವು’ ಎಂಬಲ್ಲಿ ಅದು ಎಡವುತ್ತಿದೆ.

ಉತ್ತರ (ಕುಮಟಾದಿಂದ)

ಎಡವುವುದು ‘ನನಗೆ ಹಸಿವು’ ಎಂಬಲ್ಲಿ ಮಾತ್ರವಲ್ಲ. ಆ ಸೂತ್ರ ಇಂಗ್ಲಿಷಿಗೆ ಹೊಂದುತ್ತದೆ. ಅಲ್ಲಿ ‘ಈಸ್’ನಂಥ ಒಂದು ಕ್ರಿಯಾಪದ ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. ಕನ್ನಡದಲ್ಲಿ ‘ಇದು ನಮ್ಮ ದೋಣಿ’, ‘ಅಜ್ಜಿಗೆ ಜ್ವರ’, ‘ಕಾಳಿ ನದಿ ದೊಡ್ಡದು’ ಇವುಗಳಲ್ಲಿ ಕ್ರಿಯಾಪದವೇ ಇಲ್ಲ, ಮೂರೂ ಪೂರ್ಣ. ‘ಬರುತ್ತೇನೆ’ ಎಂಬ ಒಂದೇ ಪದವೂ ಪೂರ್ಣ, ‘ನಾನು’ ಅದರ ಬಾಲದಲ್ಲೇ ಇದೆ. ‘ಅಪ್ಪ ಬಲೆ ಬಿಡಿಸುತ್ತಾ’ ಎಂಬಲ್ಲಿ ಕರ್ತೃ ಇದೆ, ಕ್ರಿಯೆ ಇದೆ, ಆದರೆ ಮಾತು ಮುಗಿದಿಲ್ಲ. ಸೂತ್ರವನ್ನು ಹಾಳೆಯಿಂದ ತೆಗೆದುಬಿಡಿ.

ಹೆಸರಿನ ವಿಚಾರ. ‘ಅರ್ಧ ವಾಕ್ಯ’ ಬೇಡವೇ ಬೇಡ. ‘ಅರ್ಧ’ ಎಂದ ಕೂಡಲೇ ಮಗು ಉದ್ದ ಅಳೆಯಲು ಶುರುಮಾಡುತ್ತದೆ. ಚಿಕ್ಕದು ಅಪೂರ್ಣ, ದೊಡ್ಡದು ಪೂರ್ಣ ಎಂದುಕೊಳ್ಳುತ್ತದೆ. ‘ತೋಟದಲ್ಲಿ ಕೊನೆ ಕೊಯ್ದು, ಅಡಿಕೆ ಸುಲಿದು, ಬೇಯಿಸಿ, ಅಟ್ಟದ ಮೇಲೆ ಒಣಗಿಸಿದರೆ’ ಇದು ಒಂಬತ್ತು ಪದದ ಮುಗಿಯದ ಮಾತು. ‘ಬಾ’ ಒಂದೇ ಅಕ್ಷರದ ಮುಗಿದ ಮಾತು. ಈ ಎರಡನ್ನು ಪಕ್ಕಪಕ್ಕ ಇಟ್ಟರೆ ಉದ್ದದ ಭ್ರಮೆ ಅಲ್ಲಿಗೇ ಹೋಗುತ್ತದೆ. ‘ಪದಗುಚ್ಛ’ ಬೇರೆಯೇ ಸಂಗತಿ: ‘ಕೆಂಪು ಅಡಿಕೆ’, ‘ಕುಮಟಾದಿಂದ ಶಿರಸಿಗೆ’ ಇಂಥವಕ್ಕೆ ಅದು ಸರಿ, ‘ಮಳೆ ಬಂದರೆ’ ಎಂಬುದಕ್ಕೆ ಅಲ್ಲ. ‘ವಾಕ್ಯಖಂಡ’ ತಪ್ಪಲ್ಲ, ಆದರೆ ಎಂಟು ವರ್ಷದ ಮಗುವಿಗೆ ಅದು ಏನನ್ನೂ ಹೇಳುವುದಿಲ್ಲ. ಬಾಯಲ್ಲಿ ‘ಮುಗಿದ ಮಾತು, ಮುಗಿಯದ ಮಾತು’ ಎಂದೇ ಬಳಸಿ, ಹಾಳೆಯಲ್ಲಿ ‘ಪೂರ್ಣ ವಾಕ್ಯ, ಅಪೂರ್ಣ ವಾಕ್ಯ’ ಎಂದು ಬರೆಯಿರಿ. ನಮ್ಮ ಶಾಸ್ತ್ರಕಾರರು ವಾಕ್ಯಕ್ಕೆ ಬೇಕೆಂದ ಮೂರರಲ್ಲಿ (ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ) ಮೊದಲನೆಯದು ಇದೇ. ಒಂದು ಪದ ಇನ್ನೊಂದನ್ನು ಬಯಸುವುದು ಆಕಾಂಕ್ಷೆ. ಆ ಬಯಕೆ ಉಳಿದಿದ್ದರೆ ಕಿವಿ ಕಾಯುತ್ತದೆ. ಮಕ್ಕಳಿಗೆ ಕಲಿಸಬೇಕಾದ್ದು ಆ ಕಾಯುವಿಕೆಯನ್ನು ಗುರುತಿಸುವುದನ್ನು.

ಅದಕ್ಕೆ ಹಲವರು ‘ಆಮೇಲೆ?’ ಎಂದು ಕೇಳಿಸುತ್ತಾರೆ. ಅದು ಕೈಕೊಡುತ್ತದೆ. ‘ಅಣ್ಣ ಬಂದರಿಗೆ ಹೋದ’ ಎಂದರೂ ಮಗು ‘ಆಮೇಲೆ?’ ಅನ್ನುತ್ತದೆ, ಕತೆಯ ಆಸೆಗೆ. ‘ಹೌದಾ?’ ಎಂದು ಸೇರಿಸಿ ನೋಡುವುದು ಹೇಳಿಕೆಗೆ ಸರಿ, ಆಜ್ಞೆಗೂ ಪ್ರಶ್ನೆಗೂ ಹೊಂದದು. ಎಲ್ಲಕ್ಕೂ ನಿಲ್ಲುವ ಪರೀಕ್ಷೆ ‘ಎಂದು ಅಜ್ಜಿ ಹೇಳಿದಳು’ (ಪ್ರಶ್ನೆಯಾದರೆ ‘ಎಂದು ಅಜ್ಜಿ ಕೇಳಿದಳು’). ಕೊನೆಗೆ ಇದನ್ನು ಸೇರಿಸಿ ಓದಿಸಿ. ‘ಮಳೆ ಬಂತು ಎಂದು ಅಜ್ಜಿ ಹೇಳಿದಳು’ ಸಲೀಸು. ‘ಬಾ ಎಂದು ಅಜ್ಜಿ ಹೇಳಿದಳು’ ಸಲೀಸು. ‘ಮೀನು ಉಂಟು’, ‘ನೀರು ಬೇಡ’, ‘ಅವಳು ಬಂದಿಲ್ಲ’ ಇವೂ ಸಲೀಸೇ. ಉಂಟು, ಬೇಕು, ಬೇಡ, ಸಾಕು, ಇಲ್ಲ ಇವು ಕ್ರಿಯಾರ್ಥಕಾವ್ಯಯಗಳು, ಪುರುಷ ಪ್ರತ್ಯಯವಿಲ್ಲದೆ ವಾಕ್ಯ ಮುಗಿಸುತ್ತವೆ. ‘ಘಟ್ಟ ಇಳಿದು ಎಂದು ಅಜ್ಜಿ ಹೇಳಿದಳು’ ಎಂದಾಗ ಮಗುವಿನ ನಾಲಿಗೆಯೇ ತಡೆಯುತ್ತದೆ. ಒಂದು ಎಚ್ಚರ: ‘ಹೇಳಿದಳು’ ಬದಲು ‘ಬರೆದಿದೆ’ ಅಥವಾ ‘ಕೂಗಿದಳು’ ಹಾಕಬೇಡಿ. ‘ಅಂಕೋಲಾ ಎಂದು ಬೋರ್ಡಿನಲ್ಲಿ ಬರೆದಿದೆ’ ಎಂದು ಬರಿಯ ಹೆಸರೂ ಪಾಸಾಗಿಬಿಡುತ್ತದೆ.

ಹಾಳೆಯಲ್ಲಿ ನಿಜವಾದ ಗುಂಡಿಗಳು ಎರಡು.

ಒಂದು, ‘ದ’ಕಾರಾಂತ ರೂಪ. ‘ತಂದ’, ‘ಬಂದ’, ‘ಮಾಡಿದ’ ಇವು ‘ಅವನು’ ಎಂಬ ಕರ್ತೃವಿನ ಕ್ರಿಯಾಪದವೂ ಹೌದು, ಮುಂದಿನ ನಾಮಪದಕ್ಕೆ ಕಾಯುವ ಕೃದಂತವೂ (ಧಾತುವಿನಿಂದಾದ ವಿಶೇಷಣವೂ) ಹೌದು. ‘ಅಣ್ಣ ತಂದ’ ಎಂದರೆ ಮುಗಿದಿರಬಹುದು. ‘ಅಣ್ಣ ತಂದ ಬಂಗಡೆ’ ಎಂದು ಮುಂದುವರಿಯಲೂಬಹುದು. ಇಂಥದ್ದಕ್ಕೆ ಮಗು ಏನು ಬರೆದರೂ ತಪ್ಪು ಹಾಕಲಾಗದು. ಆದರೆ ‘ಅಕ್ಕ ತಂದ’ ಖಂಡಿತ ಅಪೂರ್ಣ. ಮುಗಿಯುವುದಿದ್ದರೆ ‘ತಂದಳು’ ಆಗಬೇಕಿತ್ತು. ಆದ್ದರಿಂದ ‘ದ’ ರೂಪವನ್ನು ಮೊದಲ ಹಾಳೆಯಿಂದ ಹೊರಗಿಡಿ. ಎರಡನೆಯದರಲ್ಲಿ ಸ್ತ್ರೀಲಿಂಗದ ಇಲ್ಲವೇ ಬಹುವಚನದ ಕರ್ತೃವಿನೊಂದಿಗೆ ತನ್ನಿ.

ಎರಡು, ‘ಓದಿ, ಹೇಳಿ, ಮಾಡಿ’. ‘ಪಾಠ ಓದಿ’ ಎಂಬುದನ್ನು ನಾವು ‘ಓದಿದ ನಂತರ’ ಎಂಬ ಅರ್ಥದಲ್ಲಿ ಅಪೂರ್ಣ ಎಂದು ಇಟ್ಟಿರುತ್ತೇವೆ. ತರಗತಿಯಲ್ಲಿ ದಿನಾ ಅದನ್ನೇ ಆಜ್ಞೆಯಾಗಿ ಕೇಳುವ ಮಗು ಪೂರ್ಣ ಎನ್ನುತ್ತದೆ, ಮಗುವಿನದೇ ಸರಿ. ‘ಬಂದು/ಬನ್ನಿ’, ‘ಬರೆದು/ಬರೆಯಿರಿ’ ಹೀಗೆ ರೂಪ ಬೇರೆಯಾಗುವ ಧಾತುಗಳನ್ನೇ ಆರಿಸಿಕೊಳ್ಳಿ.

ಕ್ರಮ ಹೀಗಿರಲಿ. ಮೊದಲ ದಿನ ಬರವಣಿಗೆ ಬೇಡ, ಕಿವಿ ಮಾತ್ರ. ಹನ್ನೆರಡು ಚೀಟಿ, ಆರು ಮುಗಿದವು, ಆರು ಮುಗಿಯದವು, ಕಲಸಿಟ್ಟು ಓದಿ. ಮುಗಿದದ್ದಕ್ಕೆ ಕೈ ಕಟ್ಟುವುದು, ಮುಗಿಯದ್ದಕ್ಕೆ ಕೈ ಚಾಚುವುದು. ಓದುವಾಗ ದನಿ ಒಂದೇ ಮಟ್ಟದಲ್ಲಿರಲಿ. ಮುಗಿದ ವಾಕ್ಯದ ಕೊನೆಗೆ ನಮ್ಮ ದನಿ ತಾನಾಗಿ ಇಳಿಯುತ್ತದೆ, ಮಕ್ಕಳು ಅದನ್ನೇ ಹಿಡಿದು ಉತ್ತರ ಹೇಳುತ್ತಾರೆ. ಹಾಳೆಗೆ ಬಂದಾಗ ಅರ್ಧಕ್ಕರ್ಧ ತಪ್ಪುವುದು ಇದರಿಂದಲೇ. ಎರಡನೇ ದಿನ ಒಂದೇ ಧಾತುವಿನ ಬಾಲ ಬದಲಿಸಿ: ಇಳಿದು, ಇಳಿದರೆ, ಇಳಿಯುತ್ತಾ, ಇಳಿಯಲು, ಇಳಿದೆವು. ಐದರಲ್ಲಿ ಒಂದು ಮಾತ್ರ ಮುಗಿಯುತ್ತದೆ, ಯಾವುದೆಂದು ಅವರೇ ಆರಿಸಲಿ. ಮೂರನೇ ದಿನ ಹಾಳೆ, ಪೂರ್ಣವಿರಾಮ ಹಾಕದೆ. ಚುಕ್ಕೆ ಕಂಡರೆ ಅದನ್ನೇ ನೋಡಿ ಪೂರ್ಣ ಎನ್ನುತ್ತಾರೆ. ಅಪೂರ್ಣವಾದದ್ದನ್ನು ಮುಗಿಸಿ ಬರೆಯುವುದೂ ಆ ಹಾಳೆಯಲ್ಲೇ ಇರಲಿ; ಬರಿಯ ಸರಿ-ತಪ್ಪು ಗುರುತಿನಲ್ಲಿ ಊಹೆಗೂ ಅಂಕ ಬೀಳುತ್ತದೆ.

‘ಪೂರ್ಣ ವಾಕ್ಯದಲ್ಲಿ ಉತ್ತರಿಸಿ’ ಎಂಬ ಪರೀಕ್ಷೆಯ ಸೂಚನೆಯನ್ನು ಇದಕ್ಕೆ ಬೆರೆಸಬೇಡಿ. ‘ಎಲ್ಲಿಗೆ ಹೋಗುತ್ತೀ?’ ಎಂದರೆ ‘ಗೋಕರ್ಣಕ್ಕೆ’ ಎಂಬುದು ಮಾತಿನಲ್ಲಿ ತಕ್ಕ ಉತ್ತರ, ಉಳಿದದ್ದು ಅಧ್ಯಾಹಾರ, ಅಂದರೆ ಹೇಳದೆಯೇ ತಿಳಿಯುವ ಭಾಗ. ಪರೀಕ್ಷೆ ಕೇಳುವುದು ಆ ಅಧ್ಯಾಹಾರವನ್ನು ಬಿಡಿಸಿ ಬರೆಯಲು.

ನಿಮ್ಮ ಕಡೆಯ ಮಕ್ಕಳ ಬಗ್ಗೆ ಒಂದು ಮಾತು. ಹವ್ಯಕ ಮನೆಯ ಮಗು ‘ಆನು ನಾಳೆ ಬತ್ತಿ’ ಎಂದು ಬರೆದರೆ ಅದು ಪೂರ್ಣ ವಾಕ್ಯ. ‘ಬತ್ತಿ’ಯನ್ನು ದೀಪದ ಬತ್ತಿ ಎಂದು ಓದಿ ‘ಕ್ರಿಯಾಪದ ಇಲ್ಲ’ ಎಂದು ಕೆಂಪು ಗೀರು ಎಳೆದರೆ ಅನ್ಯಾಯ. ‘ಬರುತ್ತೇನೆ’ ಎಂದು ಪಕ್ಕಕ್ಕೆ ಬರೆದುಕೊಡಿ, ಅಂಕ ಕೊಡಿ.

ಸೇರ್ಪಡೆ (ಕಾರವಾರದಿಂದ)

ಕೊಂಕಣಿ ಮನೆಮಾತಿನ ಮಕ್ಕಳಿಗೆ ‘ಮಾಡಿ’ಯ ಗೊಂದಲ ಬಿಡಿಸಲು ಅವರ ಮಾತೇ ಸಾಕು. ‘ಕರೂನ್’ (‘ಮಾಡಿದ ನಂತರ’) ಎಂಬುದಕ್ಕೆ ಆಜ್ಞೆಯ ಅರ್ಥ ಬರುವುದೇ ಇಲ್ಲ, ಅದು ಮುಗಿಯದ ಮಾತೆಂದು ಅವರಿಗೆ ಹೇಳಿಕೊಡಬೇಕಿಲ್ಲ. ‘ಇಲ್ಲಿ ಮಾಡಿ ಅಂದರೆ ಕರೂನ್ ಹೌದೋ, ಅಲ್ಲವೋ?’ ಎಂದು ಕೇಳಿ. ಹೌದು ಎಂದರೆ ಅಪೂರ್ಣ. ‘ವಚೂನ್’ ಮತ್ತು ‘ಹೋಗಿ’ಗೂ ಇದೇ ಜೋಡಿ. ಇದನ್ನು ಮಾತಲ್ಲೇ ಮಾಡಿಸಿ, ಹಾಳೆಗೆ ಕೊಂಕಣಿ ಪದ ಹಾಕಬೇಡಿ. ಒಂದೇ ತರಗತಿಯಲ್ಲಿ ಕೊಂಕಣಿ ಬಾರದ ಮಕ್ಕಳೂ ಕುಳಿತಿರುತ್ತಾರೆ.