ಸೆನ್ಸರ್ ಎಲ್‌ಎಂ75 ತದ್ವತ್ ಇದೆ, ಆದ್ರೂ ಡಿವೈಸ್ ಟ್ರೀಗೆ ಹೊಸ ಹೆಸರು ಯಾಕೆ?

ಬೆಸುಗೆ_ಭಟ್ಟ:
ಒಂದು ಚಿಕ್ಕ ಆರ್ಮ್ ಬೋರ್ಡ್‌ಗೆ ಮೇನ್‌ಲೈನ್ ಲಿನಕ್ಸ್ (ಅಧಿಕೃತ ಮೂಲ ಕರ್ನಲ್) ಸಪೋರ್ಟ್ ಕಳಿಸೋಣ ಅಂತ ಕೂತಿದೀನಿ. ಐ2ಸಿ ಬಸ್ಸಲ್ಲಿ (ಚಿಪ್‌ಗಳು ಮಾತಾಡೋ ಎರಡು ತಂತಿ ದಾರಿ) ಹೆಕ್ಸ್ 48 ಅಡ್ರೆಸ್ಸಿಗೆ ಒಂದು ಟೆಂಪರೇಚರ್ ಸೆನ್ಸರ್ ಇದೆ, ಬೇರೆ ಕಂಪನಿದು, ಆದ್ರೆ ರಿಜಿಸ್ಟರ್ ಎಲ್ಲಾ ಎಲ್‌ಎಂ75 ಅನ್ನೋ ಹಳೇ ಟೆಂಪರೇಚರ್ ಚಿಪ್ ಥರಾನೇ. ಡಿಟಿಎಸ್‌ನಲ್ಲಿ (ಡಿವೈಸ್ ಟ್ರೀ ಸೋರ್ಸ್ ಫೈಲು) ಕಂಪ್ಯಾಟಿಬಲ್‌ಗೆ, ಅಂದ್ರೆ ಯಾವ ಡ್ರೈವರ್ ಹಿಡೀಬೇಕು ಅಂತ ತೋರಿಸೋ ಚಿಪ್ ಹೆಸರಿಗೆ, ಎಲ್‌ಎಂ75 ಅಂತಲೇ ಹಾಕಿದೆ, ರೀಡಿಂಗ್ ಸರಿಯಾಗೇ ಬರ್ತಿದೆ. ರಿವ್ಯೂನಲ್ಲಿ ಚಿಪ್ಪಿನ ನಿಜವಾದ ಹೆಸರು ಹಾಕಿ, ಬೈಂಡಿಂಗ್‌ನಲ್ಲೂ (ಡಿಟಿಎಸ್‌ನಲ್ಲಿ ಏನೇನು ಬರೀಬಹುದು ಅನ್ನೋ ನಿಯಮದ ಫೈಲು) ಸೇರಿಸಿ ಅಂದ್ರು. ಡ್ರೈವರ್‌ನಲ್ಲಿ ಒಂದು ಸಾಲೂ ಬದಲಾಗಲ್ಲ, ಮತ್ತೆ ಯಾಕೆ ಈ ಕಸರತ್ತು?

ಹಳೇ_ಕರ್ನಲ್:
ಗುರು, ಡಿಟಿಎಸ್ ಅನ್ನೋದು ಬೋರ್ಡ್ ಮೇಲೆ ಏನು ಕೂತಿದೆ ಅಂತ ಹೇಳೋ ಫೈಲು, ಲಿನಕ್ಸ್ ಡ್ರೈವರ್‌ಗೆ ಏನು ಬೇಕು ಅಂತಲ್ಲ. ಅದೇ ಫೈಲನ್ನ ಬೂಟ್‌ಲೋಡರ್ ಯು-ಬೂಟ್ ಓದತ್ತೆ, ಇನ್ನೊಂದು ಓಎಸ್ ಫ್ರೀಬಿಎಸ್‌ಡಿ ಓದತ್ತೆ. ಈಗ ನೀನು ಬರೀ ಎಲ್‌ಎಂ75 ಅಂತ ಹಾಕಿದೆ ಅಂದ್ಕೋ, ಮುಂದೆ ಆ ಚಿಪ್ಪಲ್ಲಿ ಯಾವುದೋ ಬಗ್ ಸಿಕ್ತು, ಅದಕ್ಕೆ ಮಾತ್ರ ಸ್ವಲ್ಪ ಡಿಲೇ ಕೊಡ್ಬೇಕು, ಅಷ್ಟರಲ್ಲಿ ಹಳೇ ಡಿಟಿಬಿ (ಡಿಟಿಎಸ್ ಕಂಪೈಲ್ ಮಾಡಿದ ಫೈಲು) ಬೋರ್ಡ್‌ಗಳ ಫ್ಲ್ಯಾಶ್‌ನಲ್ಲಿ ಕೂತುಬಿಟ್ಟಿರತ್ತೆ, ಕರ್ನಲ್‌ಗೆ ಇದು ನಿನ್ನ ಚಿಪ್ಪೋ ಅಸಲಿ ಎಲ್‌ಎಂ75ನೋ ಹೆಂಗೆ ಗೊತ್ತಾಗ್ಬೇಕು? ಅದಕ್ಕೇ ಎರಡು ಹೆಸರು ಹಾಕು, ಮೊದಲು ನಿನ್ನ ಚಿಪ್ಪಿಂದು, ಆಮೇಲೆ ಎಲ್‌ಎಂ75. ಡ್ರೈವರ್ ಇವತ್ತು ಎರಡನೇದನ್ನ ಹಿಡ್ಕೊಳತ್ತೆ, ನಾಳೆ ಬೇಕಾದ್ರೆ ಮೊದಲನೇದನ್ನ.

ಚಿಪ್‌ಪುರದ_ಚೆನ್ನಿ:
ಹಳೇ ಡಿಟಿಬಿ ಹೊಸ ಕರ್ನಲ್ ಜೊತೆ ಓಡ್ಲೇಬೇಕು ಅನ್ನೋದೆಲ್ಲ ಕಾಗದದ ಮೇಲೆ ಚೆನ್ನಾಗಿದೆ ಸರ್. ನಾನು ನೋಡಿರೋ ಪ್ರಾಡಕ್ಟ್‌ಗಳಲ್ಲಿ ಕರ್ನಲ್ಲು ಡಿಟಿಬಿ ಎರಡೂ ಒಂದೇ ಇಮೇಜಲ್ಲಿ ಹೋಗತ್ತೆ, ಒಟ್ಟಿಗೇ ಅಪ್‌ಡೇಟ್ ಆಗತ್ತೆ.

ಹಳೇ_ಕರ್ನಲ್:
ನಿಮ್ಮಲ್ಲಿ ಹಂಗೆ ಇರಬಹುದು ಚೆನ್ನಿ ಅವರೇ, ಆದ್ರೆ ಫರ್ಮ್‌ವೇರೇ ಡಿಟಿಬಿ ಕೊಡೋ ಬೋರ್ಡೂ ಇವೆ, ಅದನ್ನ ಯಾರೂ ಮುಟ್ಟಲ್ಲ. ಇನ್ನೊಂದು, 2011ಕ್ಕೆ ಮುಂಚೆ ಆರ್ಮ್ ಕಡೆ ಪ್ರತಿ ಬೋರ್ಡ್‌ಗೂ ಒಂದೊಂದು ಸಿ ಫೈಲ್ ಇತ್ತಲ್ಲ, ಆ ಗಲೀಜು ನೋಡಿ ಲಿನಕ್ಸ್ ಹುಟ್ಟುಹಾಕಿದ ಲೈನಸ್ ಮೇಲಿಂಗ್ ಲಿಸ್ಟಲ್ಲೇ ಕೆಂಡ ಕಾರಿದ್ರು. ಆಮೇಲೇ ಎಲ್ಲರೂ ಪವರ್‌ಪಿಸಿ ಪ್ರೊಸೆಸರ್‌ಗಳ ಕಡೆ ಆಗ್ಲೇ ಇದ್ದ ಡಿವೈಸ್ ಟ್ರೀ ಕಡೆ ವಾಲಿದ್ದು. ಈಗ ಡಿಟಿಎಸ್‌ನೂ ಮನಸ್ಸಿಗೆ ಬಂದಂಗೆ ಬರೆದ್ರೆ ಗಲೀಜು ಜಾಗ ಬದಲಾಯಿಸತ್ತೆ ಅಷ್ಟೇ.

ಪ್ಯಾಚ್_ಪಾಟೀಲ:
ವಾದ ಆಮೇಲೆ ಮಾಡ್ರಿ, ಕೆಲಸ ಸಣ್ಣದೈತಿ. ಬೈಂಡಿಂಗ್ಸ್ ಫೋಲ್ಡರ್‌ನಾಗ ಎಲ್‌ಎಂ75ದು ಯಾಮ್ಲ್ ಫೈಲ್ ಆಗ್ಲೇ ಐತಿ, ಅದ್ರಾಗ ಎರಡೂ ಹೆಸರಿನ ಜೋಡಿ ಸೇರಸ್ರಿ. ಕಂಪನಿ ಹೆಸರು ವೆಂಡರ್ ಪ್ರಿಫಿಕ್ಸ್ ಲಿಸ್ಟಿನಾಗ (ಚಿಪ್ ಹೆಸರಿನ ಮುಂದ ಹಾಕೋ ಕಂಪನಿ ಹೆಸರುಗಳ ಪಟ್ಟಿ) ಇಲ್ಲಂದ್ರ ಅದಕ್ಕ ಬ್ಯಾರೆ ಪ್ಯಾಚು. ಬೈಂಡಿಂಗ್ ಪ್ಯಾಚ್ ಮೊದಲು, ಡಿಟಿಎಸ್ ಆಮೇಲೆ, ಎರಡನ್ನೂ ಒಂದ್ರಾಗ ಕಲಸಬ್ಯಾಡ್ರಿ. ಪಿಪ್‌ನಿಂದ ಡಿಟಿಸ್ಕೀಮಾ ಅನ್ನೋ ತಪಾಸಣೆ ಟೂಲ್ ಹಾಕ್ಕೊಂಡು ಡಿಟಿ ಬೈಂಡಿಂಗ್ ಚೆಕ್, ಡಿಟಿಬಿಎಸ್ ಚೆಕ್ ಎರಡೂ ಓಡಸ್ರಿ, ನಿಮ್ಮ ಬೋರ್ಡಿಂದ ಒಂದೂ ವಾರ್ನಿಂಗ್ ಬರಬಾರ್ದು. ಯಾರಿಗೆ ಕಳಸಬೇಕು ಅನ್ನೋದನ್ನ ಗೆಟ್ ಮೇಂಟೇನರ್ ಸ್ಕ್ರಿಪ್ಟೇ ಹೇಳ್ತೈತಿ, ಊಹೆ ಮಾಡಬ್ಯಾಡ್ರಿ.

ಬೆಸುಗೆ_ಭಟ್ಟ:
ಜೋಡಿ ಹಾಕಿದ್ರೆ ಡ್ರೈವರ್‌ನಲ್ಲಿರೋ ಚಿಪ್ ಹೆಸರುಗಳ ಟೇಬಲ್ ಮುಟ್ಟೋದೇ ಬೇಡ ಅಂತಾಯ್ತಲ್ಲ?

ಪ್ಯಾಚ್_ಪಾಟೀಲ:
ಬ್ಯಾಡ. ಸೇರಿಸಿದ್ರ ಅದ್ಯಾಕ ಅಂತ ಇನ್ನೊಂದು ಸುತ್ತು ರಿವ್ಯೂ ಬರ್ತೈತಿ.